ಪಾಲಿನಮ್ಮನ ಭಟ್ಟಿ ಮತ್ತು ಕ್ರಿಸ್ಮಸ್ ರೋಸ್ಟು

ಮೂವತ್ತಮೂರನೇ ವಯಸ್ಸಿಗೇ ನಿವೃತ್ತಿಯ ಮಾತಾಡಿದರೆ ಜನ ನಗುತ್ತಾರೆ. ನಗಲಿ. ನಾನು ಬಿಟ್ಟದ್ದು ಬೇಕರಿಯ ಸೌದೆ ಭಟ್ಟಿಯ ಕೆಲಸ. ಬಿಟ್ಟ ಕಾರಣ ನನ್ನ ಮನೆಗೆ ಸೇರಿದ್ದು, ಅದು ಇಲ್ಲಿ ಬೇಡ. ಕೃಷ್ಣರಾಜಪೇಟೆಯಲ್ಲಿ ಆಹಾರ ವಿಜ್ಞಾನ ಓದುತ್ತಿರುವ ಕೆಲವು ಹುಡುಗಿಯರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಭಟ್ಟಿಯ ಮುಂದೆ ದುಡಿಯುವುದು ನಿಜಕ್ಕೂ ಹೇಗಿರುತ್ತದೆ ಎಂದು ಕೇಳಿದರು. ಎದುರಿಗೆ ಕೂತವರಿಗೆ ವಿವರಿಸಿ ಹೇಳುವುದು ನನಗೆ ಕಷ್ಟ. ಎರಡು ಮಾತಾಡಿ, ಕಾಫಿ ಕೊಟ್ಟು ಕಳಿಸಿದೆ. ಅವರು ಗೇಟು ದಾಟಿದ ಮೇಲೆ ಹೇಳಬೇಕಾಗಿದ್ದದ್ದೆಲ್ಲ ಒಟ್ಟಿಗೇ ನೆನಪಾಗಿ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಗತೊಡಗಿದೆ. ಅವರಿಗಾಗಿ ಅದನ್ನೇ ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿಲ್ಲ. ಭಟ್ಟಿಯ ಹತ್ತಿರ ಇದ್ದವರು ಇಬ್ಬರೇ. ನನಗೆ ಬಡ್ತಿ ಸಿಗಬೇಕಾದರೆ ಇನ್ನೊಬ್ಬರು ಇಲ್ಲವಾಗಬೇಕಿತ್ತು.

ಆ ಇನ್ನೊಬ್ಬರು ಪಾಲಿನಮ್ಮ, ಬೇಕರಿಯ ಯಜಮಾನತಿ. ಅರವತ್ತು ದಾಟಿದ ವಿಧವೆ, ದೊಡ್ಡ ಮೈಕಟ್ಟು, ಅದಕ್ಕಿಂತ ದೊಡ್ಡ ದನಿ. ಬೇಕರಿ ಶ್ರೀರಂಗಪಟ್ಟಣದಲ್ಲಿ, ಚರ್ಚಿನ ಹಿಂದಿನ ಬೀದಿಯಲ್ಲಿತ್ತು. ಎಂ.ಎಸ್ಸಿ. ಮುಗಿಸಿದ ವರ್ಷ, ಸೌದೆ ಭಟ್ಟಿಯ ಗೋಡೆ ಎಷ್ಟು ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆಯಲು ನಾನು ಅಲ್ಲಿಗೆ ಹೋದೆ. ಕೆಲವೇ ದಿನದ ಕೆಲಸ ಎಂದುಕೊಂಡಿದ್ದೆ. ನಾನು ಚೀಲದಿಂದ ತಾಪಮಾಪಕ ತೆಗೆದದ್ದನ್ನು ಪಾಲಿನಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಏನವ್ವಾ, ನನ್ ಭಟ್ಟಿಗೆ ಜ್ವರ ಬಂದದಾ?”

ನಾನು ಉತ್ತರ ಹುಡುಕುವಷ್ಟರಲ್ಲಿ ಬನ್ನಿನ ತಟ್ಟೆಯೊಂದನ್ನು ಕೈಗೆ ಕೊಟ್ಟು, ಆಚೆ ಇಟ್ಟು ಬಾ ಎಂದರು. ಇಟ್ಟು ಬಂದೆ. ಇನ್ನೊಂದು ಕೊಟ್ಟರು. ಹೀಗೆ ನನ್ನ ಕೆಲಸ ಶುರುವಾಯಿತು, ಒಂಬತ್ತು ವರ್ಷ ನಡೆಯಿತು.

ವರ್ಷವಿಡೀ ಬ್ರೆಡ್ಡು, ಬನ್ನು, ರಸ್ಕು. ಆದರೆ ಆ ಭಟ್ಟಿ ಇದ್ದದ್ದು ಕ್ರಿಸ್ಮಸ್ಸಿಗೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬ್ರೆಡ್ಡು ಬೇಯುತ್ತಿತ್ತು, ಬಿಸಿ ಸ್ವಲ್ಪ ಇಳಿದ ಮೇಲೆ ಕೇಕು. ಸಂಜೆ ಹೊತ್ತಿಗೆ ಕೆಂಡವನ್ನು ಮೂಲೆಗೆ ಸರಿಸಿ ಬೂದಿ ಮುಚ್ಚುತ್ತಿದ್ದೆವು. ಆಗ ಬೀದಿಯ ಮನೆಮನೆಯಿಂದ ಪಾತ್ರೆಗಳು ಬರತೊಡಗುತ್ತಿದ್ದವು. ಪ್ರತಿ ಪಾತ್ರೆಯಲ್ಲೂ ರೋಸ್ಟಿಗೆಂದು ಎಮ್ಮೆ ಮಾಂಸ. ಮೆಣಸು, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ ಅರೆದು, ವಿನಿಗರ್ ಸೇರಿಸಿ ಹಿಂದಿನ ದಿನವೇ ಸವರಿಟ್ಟ ದೊಡ್ಡ ತುಂಡು. ಅದರಡಿಗೆ ಇಡೀ ಆಲೂಗೆಡ್ಡೆ, ಉದ್ದಕ್ಕೆ ಸೀಳಿದ ಕ್ಯಾರೆಟ್ಟು, ನವಿಲುಕೋಸು, ಸಣ್ಣ ಈರುಳ್ಳಿ. ಮುಚ್ಚಳದ ಸುತ್ತ ಮೈದಾ ಹಿಟ್ಟು ಮೆತ್ತಿ ಬಿಗಿ ಮಾಡಿರುತ್ತಿದ್ದರು. ಆ ಪಾತ್ರೆಗಳು ಇಡೀ ರಾತ್ರಿ ಇಳಿಯುವ ಬಿಸಿಯಲ್ಲಿ ಕೂತು, ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರ ಕೈಸೇರುತ್ತಿದ್ದವು.

ಇಲ್ಲಿ ಒಂದು ಕಟ್ಟಳೆ ಇದೆ. ಇದು ತಿಳಿಯದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಆ ಮುಚ್ಚಳವನ್ನು ಭಟ್ಟಿಯ ಹತ್ತಿರ ಯಾರೂ ತೆಗೆಯುವಂತಿಲ್ಲ. ಮನೆಗೆ ಒಯ್ದು, ಮೇಜಿನ ಮೇಲಿಟ್ಟು, ಪ್ರಾರ್ಥನೆ ಮಾಡಿ, ಮನೆಯ ಹಿರಿಯರೇ ಒಣಗಿದ ಹಿಟ್ಟನ್ನು ಚಾಕುವಿನಿಂದ ಒಡೆಯಬೇಕು. ಆ ಟಕ್ಕೆಂಬ ಸದ್ದು ಕೇಳುವವರೆಗೆ ಅವರಿಗೆ ಹಬ್ಬವೇ ಅಲ್ಲ. ಮೊದಲ ವರ್ಷ ನಾನು ಹಿಟ್ಟಿನಲ್ಲಿ ಒಂದು ಸಣ್ಣ ತೂತು ಮಾಡಿ ತಾಪಮಾಪಕ ಇಳಿಸೋಣವೇ ಎಂದು ಕೇಳಿದೆ. ಎದುರು ಮನೆಯ ರೀತಮ್ಮ, ಬೀದಿಗೆಲ್ಲ ಹಿರಿಯಾಕೆ, ತನ್ನ ಪಾತ್ರೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಕೇಳಿದರು, “ನಮ್ ಪಾತ್ರೆಗೆ ಸೂಜಿ ಚುಚ್ಚಾಕೆ ಇದೇನ್ ಆಸ್ಪತ್ರೆಯಾ?”

ಹಾಗಾದರೆ ಒಳಗೆ ಬೆಂದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೂಗಿನಿಂದ. ಭಟ್ಟಿಯ ಬಾಗಿಲಲ್ಲಿ ಅಂಗೈಯಗಲದ ಒಂದು ಕಂಡಿ ಇತ್ತು, ಅದಕ್ಕೊಂದು ಕಬ್ಬಿಣದ ಮುಚ್ಚಳ. ಬೆಳಗಿನ ಹೊತ್ತಿಗೆ ಹಿಟ್ಟು ಒಣಗಿ ಕೂದಲೆಳೆಯಷ್ಟು ಬಿರಿಯುತ್ತದೆ, ವಾಸನೆ ಹೊರಬರುತ್ತದೆ. ಪಾಲಿನಮ್ಮ ಕಂಡಿ ತೆಗೆದು, ಮೂಗೊಡ್ಡಿ, ಆಯ್ತು ಅಥವಾ ಆಗಿಲ್ಲ ಎನ್ನುತ್ತಿದ್ದರು. ಅವರ ಮಾತೇ ಕೊನೆ.

ಇದು ಎಳೆಯ ಮಾಂಸವಾಗಿದ್ದರೆ ಅಷ್ಟು ಕಷ್ಟವಿರಲಿಲ್ಲ. ಅವರು ಮದುವೆಯಾಗಿ ಬಂದ ಕಾಲದಲ್ಲಿ ಬೇಗ ಬೇಯುವ ಮಾಂಸ ಸಿಗುತ್ತಿತ್ತಂತೆ. ದನ ಕಡಿಯುವ ಕಾನೂನು ಬಿಗಿಯಾದ ಮೇಲೆ ಸಿಗುವುದು ವಯಸ್ಸಾದ ಎಮ್ಮೆಯದು ಮಾತ್ರ. “ಬದುಕಿನ ಅನುಭವ ಇರೋ ಮಾಂಸ ಕಣವ್ವ, ಸುಲಭಕ್ಕೆ ಬಗ್ಗಾಕಿಲ್ಲ” ಎನ್ನುತ್ತಿದ್ದರು ಪಾಲಿನಮ್ಮ. ಹಳೆಯ ಲೆಕ್ಕವೆಲ್ಲ ಕೆಟ್ಟುಹೋಗಿತ್ತು. ಪಾತ್ರೆ ಮೊದಲಿಗಿಂತ ಮುಂಚೆ ಒಳಗೆ ಹೋಗಬೇಕು, ಬಿಸಿ ಮೊದಲಿಗಿಂತ ಕಡಿಮೆ ಇರಬೇಕು, ಕೊಬ್ಬಿನ ಭಾಗ ಎಲ್ಲಕ್ಕಿಂತ ಮೇಲಿರಬೇಕು, ಒಂದು ಹನಿ ನೀರೂ ಹಾಕಬಾರದು. ಓದುವ ಹುಡುಗಿಯರಿಗೆ ಒಂದು ಮಾತು: ಮುದಿ ಮಾಂಸಕ್ಕೆ ಬೆಂಕಿ ಜೋರು ಮಾಡಿದರೆ ಅದು ಇನ್ನಷ್ಟು ಮುನಿಸಿಕೊಳ್ಳುತ್ತದೆ. ಒಳಗಿನ ಬಿಳಿಯ ನಾರು ಕರಗಿ ಅಂಟಾಗುವವರೆಗೆ ಕಾಯಬೇಕು. ಕಾಯುವುದೇ ಈ ಕೆಲಸದ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಬೂದಿ ಗುಡಿಸುವುದು.

ನನ್ನ ಮನೆ ಕೃಷ್ಣರಾಜಪೇಟೆ ಕಡೆಯ ಒಕ್ಕಲು ಮನೆ. ಕುರಿ, ಕೋಳಿ ಬಿಟ್ಟು ಬೇರೆ ಮಾಂಸ ಒಳಗೆ ಬಂದದ್ದಿಲ್ಲ. ಪಾಲಿನಮ್ಮ ಅದನ್ನು ಯಾವತ್ತೂ ಕೇಳಲಿಲ್ಲ. ಹಬ್ಬದ ಮಧ್ಯಾಹ್ನ ಮನೆಮನೆಯಿಂದ ಒಂದೊಂದು ತಟ್ಟೆ ರೋಸ್ಟು ಬೇಕರಿಗೆ ಬರುವುದು ವಾಡಿಕೆ. ಅದರಲ್ಲಿ ಒಂದನ್ನು ನನ್ನ ಕಡೆಗೆ ಸರಿಸಿ, ಅವರು ಬೇಕೆಂದೇ ಆ ಕಡೆ ತಿರುಗಿ ಕೂರುತ್ತಿದ್ದರು. ನಾನು ತಿನ್ನುತ್ತಿದ್ದೆನೋ ಇಲ್ಲವೋ ಎಂದು ಬೀದಿಯವರು ಒಂಬತ್ತು ವರ್ಷ ಊಹಿಸಿದರು. ನೀವೂ ಊಹಿಸಬಹುದು.

ಪಾಲಿನಮ್ಮನ ಮೂಗಿನ ಖ್ಯಾತಿ ರೋಸ್ಟಿಗೆ ಸೀಮಿತವಾಗಿರಲಿಲ್ಲ. ಹೆಂಗಸರು ತುಪ್ಪ ತಂದು ಮೂಸಿಸುತ್ತಿದ್ದರು, ಕಲಬೆರಕೆ ಎಂದರೆ ತಗೊಂಡು ಹೋಗಿ ವಾಪಸು ಕೊಡುತ್ತಿದ್ದರು. ಒಬ್ಬಾಕೆ ಮಗಳಿಗೆ ನೋಡಿದ ಹುಡುಗನನ್ನೇ ಬನ್ನು ಕೊಳ್ಳುವ ನೆಪದಲ್ಲಿ ಕಳಿಸಿದ್ದರು. ಪಾಲಿನಮ್ಮ ಬನ್ನು ಕೊಟ್ಟು, “ಬೀಡಿ ಸೇದ್ತಾನೆ, ಆದ್ರೆ ದಿನಾ ನೀರ್ ಉಯ್ಕತಾನೆ, ಕೊಡ್ಬೌದು” ಎಂದು ತೀರ್ಪು ಹೇಳಿ ಕಳಿಸಿದರು. ಮದುವೆ ಆಯಿತು. ಆಟೋ ಓಡಿಸುವ ಚಿಕ್ಕಣ್ಣನ ಕತೆಯೇ ಬೇರೆ. ಅವನು ಕುಡಿದ ದಿನ ಬೇಕರಿಯ ಮುಂದೆ ಬಂದರೆ ಪಾಲಿನಮ್ಮ ಒಳಗಿನಿಂದಲೇ, “ಲೇ ಚಿಕ್ಕಾ, ಇವತ್ತು ಎಷ್ಟ್ಲಾ?” ಎಂದು ಕೂಗುತ್ತಿದ್ದರು. ಅವನ ಹೆಂಡತಿಯ ಕಿವಿ ಅಲ್ಲಿಂದ ದೂರವಿರಲಿಲ್ಲ. ಹಾಗಾಗಿ ಅವನು ಕುಡಿದ ಸಂಜೆ ಮನೆಗೆ ಇಡೀ ಬಡಾವಣೆ ಸುತ್ತಿಕೊಂಡು ಹೋಗುತ್ತಿದ್ದ.

ಯುಗಾದಿಯ ಮರುದಿನದ ಹೊಸತೊಡಕಿಗೆ ಬೇರೆ ಊರುಗಳಿಂದಲೂ ಪಾತ್ರೆ ಬರುತ್ತಿದ್ದವು, ಆಗ ಮಟನ್. ಒಂದು ಸಲ ನಾಗಮಂಗಲ ಕಡೆಯ ಗೌಡರೊಬ್ಬರು ಮೈದಾ ಹಿಟ್ಟಿನ ಒಂದು ದೊಡ್ಡ ಉಂಡೆಯನ್ನು ಎರಡು ಕೈಯಲ್ಲಿ ಹೊತ್ತು ತಂದರು. ಹಿಟ್ಟು ಮೆತ್ತಬೇಕೆಂದು ಯಾರೋ ಹೇಳಿದ್ದರಂತೆ, ಎಲ್ಲಿ ಮೆತ್ತಬೇಕೆಂದು ಹೇಳಿರಲಿಲ್ಲ. ಒಳಗೆ ಇಟ್ಟು ಸ್ವಲ್ಪ ಹೊತ್ತಾಗಿರಲಿಲ್ಲ, ಬೀದಿಯ ತುದಿಯಲ್ಲಿ ಹೂವು ಕೊಳ್ಳುತ್ತಿದ್ದ ಪಾಲಿನಮ್ಮ ಓಡಿ ಬಂದರು. ರಬ್ಬರ್ ಸುಡುತ್ತಿದೆ ಎಂದರು. ನಾನು ಭಟ್ಟಿಯ ಎದುರೇ ನಿಂತಿದ್ದೆ, ನನಗೇನೂ ಬಂದಿರಲಿಲ್ಲ. ಉಂಡೆ ಹೊರಗೆಳೆದು ಹಿಟ್ಟು ಕಿತ್ತರೆ ಒಳಗೆ ಹೊಚ್ಚಹೊಸ ಪ್ರೆಷರ್ ಕುಕ್ಕರ್, ತೊಡೆ ಮಾಂಸ, ಸೀಟಿ ಸಮೇತ. ಗೌಡರು ಸ್ವಲ್ಪವೂ ಕುಗ್ಗಲಿಲ್ಲ. “ಸೀಟಿ ಒಡೀತದೆ, ನೀವು ಕಾಯೋದ್ ತಪ್ತದೆ ಅಂತ ತಂದೆ ಕಣಮ್ಮಾ” ಎಂದರು. ಪಾಲಿನಮ್ಮನಿಗೆ ಬಯ್ಯಬೇಕೆಂದು ಬಂದ ಉಸಿರು ನಗುವಾಗಿ ಹೊರಬಿತ್ತು. ನಕ್ಕು ನಕ್ಕು ಮೈದಾ ಮೂಟೆಯ ಮೇಲೆ ಕೂತುಬಿಟ್ಟರು.

ಅಂಥ ಮೂಗು ಒಂದು ಜ್ವರದಲ್ಲಿ ಹೋಯಿತು.

ಅದರಿಂದ ಏನು ಹೋಗುತ್ತಿತ್ತು ಎಂಬುದನ್ನು ಹೇಳಬೇಕಾದರೆ ಅಂತೋಣಿಯವರನ್ನು ಪರಿಚಯಿಸಬೇಕು. ಪಾಲಿನಮ್ಮನ ಗಂಡನ ತಮ್ಮ, ಬೇಕರಿಯ ಅರ್ಧ ಪಾಲುದಾರ. ಮುಂದಿನ ಅಂಗಡಿ ಅವರದು, ಹಿಂದಿನ ಭಟ್ಟಿ ಅತ್ತಿಗೆಯದು. ಹೊಗೆಗೆ ಕಣ್ಣು ಉರಿಯುತ್ತದೆಂದು ಅವರು ಭಟ್ಟಿಯ ಕಡೆಗೆ ಕಾಲಿಡುತ್ತಿರಲಿಲ್ಲ. ಭಟ್ಟಿ ಒಡೆದು, ಆ ಜಾಗಕ್ಕೆ ಕರೆಂಟಿನ ಓವನ್ ತಂದು, ಬೆಳಗೊಳದ ದಾರಿಯಲ್ಲಿ ಕೆ.ಆರ್.ಎಸ್. ಅಣೆಕಟ್ಟು ನೋಡಲು ಹೋಗುವವರಿಗೆಲ್ಲ ಪಫ್ಸ್ ಮಾರಬೇಕೆಂಬುದು ಅವರ ಬಹುಕಾಲದ ಆಸೆ. ಕೆಟ್ಟ ಮನುಷ್ಯರಲ್ಲ. ಜಗಳ ಬೇಡವೆಂದು, ಅತ್ತಿಗೆಯ ಮೂಗು ನಡೆಯುವವರೆಗೆ ಭಟ್ಟಿ ಇರಲಿ ಎಂದು ಊರ ಮುಂದೆಯೇ ಒಪ್ಪಿಕೊಂಡಿದ್ದರು. ಮೂಗಿನ ಮೇಲೆ ಆಣೆ ಇಟ್ಟಂತಾಗಿತ್ತು.

ಗುಟ್ಟು ಮೊದಲು ತಿಳಿದದ್ದು ಚಿಕ್ಕಣ್ಣನಿಗೆ. ಪಾಲಿನಮ್ಮ ಜ್ವರದಿಂದ ಎದ್ದು ಕೆಲಸಕ್ಕೆ ಬಂದ ಮೇಲೆ ಒಂದು ಸಂಜೆ ಅವನು ಮರೆತು ನೇರ ದಾರಿಯಲ್ಲೇ ಬಂದುಬಿಟ್ಟಿದ್ದ. ಒಳಗಿನಿಂದ ಕೂಗು ಬರಲಿಲ್ಲ. ಮರುದಿನ ಪರೀಕ್ಷೆ ಮಾಡಲೆಂದೇ ಬಂದ. ಆಗಲೂ ಇಲ್ಲ. ಮೂರನೆಯ ದಿನ ಕೌಂಟರಿಗೇ ಬಂದು, ಪಾಲಿನಮ್ಮನ ಮುಖಕ್ಕೆ ಉಸಿರು ಬಿಟ್ಟು ಬ್ರೆಡ್ಡು ಕೇಳಿದ. ಅವರು ಬ್ರೆಡ್ಡು ಕೊಟ್ಟು ಒಳಗೆ ಹೋದರು. ಚಿಕ್ಕಣ್ಣ ಹಿಂಬಾಗಿಲಿಗೆ ಬಂದು ನನ್ನನ್ನು ಕರೆದ. ಅವನ ಕಣ್ಣು ತುಂಬಿತ್ತು.

“ಯಾಕ್ ಮೇಡಂ, ಪಾಲಿನಮ್ಮಾರು ನನ್ ಮ್ಯಾಲೆ ಕ್ವಾಪ ಮಾಡ್ಕಂಡವ್ರಾ? ಒಂದ್ ಮಾತೂ ಬಯ್ತಾ ಇಲ್ವಲ್ಲ.”

ಅವರಿಗೆ ಇನ್ನೂ ನಿತ್ರಾಣ ಎಂದು ಹೇಳಿ ಕಳಿಸಿದೆ. ಮರುದಿನ ಬೆಳಿಗ್ಗೆ ಖಾರದ ಬನ್ನಿನ ಈರುಳ್ಳಿ ಹುರಿಯುತ್ತಾ ಪಾಲಿನಮ್ಮ ಯಾರೊಂದಿಗೋ ಮಾತಿಗೆ ನಿಂತಿದ್ದರು. ಈರುಳ್ಳಿ ಕಂದಾಯಿತು, ಕಪ್ಪಾಯಿತು, ಹೊಗೆ ಬಂತು. ಅವರು ಬಾಣಲೆಗೆ ಬೆನ್ನು ಮಾಡಿಯೇ, ಎಂಥ ಘಮ ನೋಡು ಎಂದು ಆಕೆಗೆ ಹೇಳುತ್ತಿದ್ದರು. ಆಕೆ ಮೂಗು ಮುಚ್ಚಿಕೊಂಡು ಹೋದರು. ನಾನು ಬಾಣಲೆ ಇಳಿಸಿ, ಈರುಳ್ಳಿ ಸೀದಿದೆ ಅಮ್ಮ, ಎಂದೆ. ಅವರು ತಿರುಗಿ ನೋಡಿದರು. ಬಾಣಲೆಯ ಮೇಲೆ ಬಗ್ಗಿ ಉಸಿರೆಳೆದು, ನನ್ನ ಕೈ ಹಿಡಿದು ದನಿ ತಗ್ಗಿಸಿದರು.

“ಯಾರ್ಗೂ ಯೋಳ್ಬ್ಯಾಡ ಮಗಾ. ಅಂತೋಣಿಗೆ ಗೊತ್ತಾದ್ರೆ ನಾಳೇನೇ ಸುತ್ಗೆ ತತ್ತಾನೆ.”

ಹೇಳಲಿಲ್ಲ. ಗುಟ್ಟು ಇಟ್ಟುಕೊಳ್ಳುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಕ್ರಿಸ್ಮಸ್ ಹತ್ತಿರ ಬರುತ್ತಿತ್ತು.

ಅವರ ಮೂಗಿನ ಕೆಲಸ ನನ್ನ ಮೂಗು ಮಾಡಬೇಕು, ಆದರೆ ಹೊರಗೆ ಕಾಣಬಾರದು ಎಂದು ಗೊತ್ತು ಮಾಡಿಕೊಂಡೆವು. ಒಂದು ಸಣ್ಣ ಪಾತ್ರೆಯಲ್ಲಿ ಮಾಂಸ, ತರಕಾರಿ ಇಟ್ಟು ಅಭ್ಯಾಸ ಮಾಡಿದೆವು. ನಾನು ಕಂಡಿಗೆ ಮೂಗೊಡ್ಡಿ ಬಂದದ್ದನ್ನು ವರ್ಣಿಸಬೇಕು, ಅವರು ಅದು ಯಾವ ಹಂತ ಎಂದು ಹೇಳಬೇಕು. ತೊಂದರೆ ಎಂದರೆ ನನ್ನ ಹತ್ತಿರ ಆ ವಾಸನೆಗೆ ಪದಗಳಿರಲಿಲ್ಲ. ಇದ್ದದ್ದು ಪಾಂಡವಪುರದ ಹತ್ತಿರ ಸೋದರಮಾವನ ಆಲೆಮನೆಯಲ್ಲಿ ರಜೆ ಕಳೆದವಳ ಪದಗಳು. ಮೊದಲು, ನೆನೆದ ಹುಲ್ಲಿನ ಹಾಗಿದೆ ಅಂದೆ. ಆಮೇಲೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾದು ಮಡ್ಡಿ ತೆಗೆಯುವ ಹೊತ್ತಿನ ಹಾಗಿದೆ ಅಂದೆ. ಪಾಲಿನಮ್ಮ ಹಣೆ ಚಚ್ಚಿಕೊಂಡರು.

“ನನ್ ರೋಸ್ಟ್ನ ಆಲೆಮನೆ ಮಾಡ್ಬುಟ್ಟಲ್ಲೇ. ಈಗ ಎಂಗದೆ ಯೋಳು.”

“ಪಾಕ ಬಂತು, ಬೆಲ್ಲ ಹೊಯ್ಯಬಹುದು, ಹಾಗಿದೆ.”

ಅವರು ಪಾತ್ರೆ ಹೊರಗೆಳೆದು ಮುಚ್ಚಳ ತೆಗೆದು ಮಾಂಸಕ್ಕೆ ಬೆರಳಿಟ್ಟರು. ಬೆರಳು ಒಳಗೆ ಇಳಿಯಿತು. ಆಮೇಲೆ ನನ್ನ ಕೆನ್ನೆ ಹಿಂಡಿದರು, ಬಿಸಿ ಕೊಬ್ಬಿನ ಕೈಯಲ್ಲೇ. ಕ್ಯಾರೆಟ್ಟು, ಈರುಳ್ಳಿ, ನವಿಲುಕೋಸಿನ ಸಿಹಿ ಮಾಂಸದ ರಸದಲ್ಲಿ ಕಂದಾಗುವುದಕ್ಕೂ ಕಬ್ಬಿನ ಹಾಲು ಬೆಲ್ಲವಾಗುವುದಕ್ಕೂ ಒಂದು ನೆಂಟಸ್ತಿಕೆ ಇದೆ. ಅದು ಪುಸ್ತಕದಲ್ಲೂ ಇದೆ, ಬೇರೆ ಹೆಸರಿನಲ್ಲಿ. ಅಂದು ನಾವಿಬ್ಬರೂ ಶಾಲೆಯ ಹುಡುಗಿಯರ ಹಾಗೆ ಕಾರಣವಿಲ್ಲದೆ ನಕ್ಕೆವು.

ಇನ್ನು ಸನ್ನೆ. ನಾನು ಮಾತು ಕಡಿಮೆಯವಳು. ಬಾಯಿ ತೆಗೆದರೆ ಎಲ್ಲರೂ ತಿರುಗಿ ನೋಡುತ್ತಾರೆ. ಕೆಮ್ಮಿದರೆ ಯಾರೂ ನೋಡುವುದಿಲ್ಲ. ಒಂದು ಕೆಮ್ಮಿದರೆ ಆಯಿತು, ತೆಗೆಯಬಹುದು. ಎರಡು ಕೆಮ್ಮಿದರೆ ಕಂಡಿ ಮುಚ್ಚಿ ಕಾಯಬೇಕು.

ಆ ವರ್ಷದ ಕ್ರಿಸ್ಮಸ್ ಬೆಳಿಗ್ಗೆ ಪಾಲಿನಮ್ಮ ಮೂಗಿದ್ದ ಕಾಲದಲ್ಲೂ ಮಾಡದಷ್ಟು ಆಟ ಆಡಿದರು. ಕಣ್ಣು ಮುಚ್ಚಿದರು, ಶಿಲುಬೆಯ ಗುರುತು ಮಾಡಿಕೊಂಡರು, ಉದ್ದಕ್ಕೆ ಉಸಿರೆಳೆದರು. ಪಕ್ಕದಲ್ಲಿ ಬೂದಿ ಬಾಚುವ ನೆಪದಲ್ಲಿ ನಿಂತಿದ್ದ ನಾನು ಒಂದು ಕೆಮ್ಮಿದೆ. “ಆಯ್ತು” ಎಂದು ಸಾರಿದರು. ಅಷ್ಟಕ್ಕೇ ಬಿಡದೆ, “ರೀತಾ, ನಿನ್ ಪಾತ್ರೇಲಿ ಲವಂಗ ಒಂಚೂರು ಜಾಸ್ತಿ ಆಗದೆ” ಎಂದು ಸೇರಿಸಿದರು. ಶುದ್ಧ ಕಲ್ಪನೆ. ರೀತಮ್ಮ ನಾಚಿಕೊಂಡು, ಹೂಂ ಕಣೇ, ಕೈ ಜಾರಿ ಬಿತ್ತು ಎಂದು ಒಪ್ಪಿಕೊಂಡರು. ಮೂಗು ಹೋದ ಮೇಲೆ ಪಾಲಿನಮ್ಮನ ಮೂಗಿನ ಕೀರ್ತಿ ಇಮ್ಮಡಿಯಾಯಿತು. ಆ ವರ್ಷ ಮಾಂಸವೂ ಚೆನ್ನಾಗಿ ಬೆಂದಿತ್ತು. ಅಂತೋಣಿಯವರು ಓವನ್ನಿನ ಮಾತೆತ್ತಲಿಲ್ಲ.

ಮರುವರ್ಷ ಹಬ್ಬದ ಹಿಂದಿನ ದಿನ ನನಗೆ ನೆಗಡಿ ಹಿಡಿಯಿತು.

ಸಾಮಾನ್ಯ ನೆಗಡಿಯಲ್ಲ. ಪಾತ್ರೆಗಳನ್ನು ಒಳಗಿಡುವಾಗಲೇ ಮೂಗು ಕಲ್ಲಾಗಿತ್ತು. ಬೆಳಿಗ್ಗೆ ಅದಕ್ಕೆ ಕೆಮ್ಮೂ ಸೇರಿತು. ಪಾಲಿನಮ್ಮನಿಗೆ ಹೇಳೋಣವೆಂದರೆ ಅವರು ಚರ್ಚಿನಿಂದ ಬರುವಾಗಲೇ ಬೀದಿಯ ಅರ್ಧ ಜನ ಹಿಂದೆ ಬಂದಿದ್ದರು. ಹೊಸ ಸೀರೆಗಳು, ಮಲ್ಲಿಗೆ, ಹಸಿದ ಮಕ್ಕಳು. ಅಂತೋಣಿಯವರೂ ಆ ದಿನ ಯಾಕೋ ಅಂಗಡಿ ಬಿಟ್ಟು ಹಿಂದಕ್ಕೆ ಬಂದು, ಕರವಸ್ತ್ರ ಹಿಡಿದು, ಕೈಕಟ್ಟಿ ನಿಂತಿದ್ದರು. ಪಾಲಿನಮ್ಮ ಕಂಡಿಯ ಮುಂದೆ ನಿಂತು ಕಣ್ಣು ಮುಚ್ಚಿದರು.

ನನಗೆ ಕೆಮ್ಮು ಬಂತು. ತಡೆಯಲಾಗಲಿಲ್ಲ. ಒಂದು.

“ಆಯ್ತು” ಎಂದರು ಪಾಲಿನಮ್ಮ. ಜನ ಮುಂದೆ ಸರಿದರು.

ಇನ್ನೊಂದು ಬಂತು. ಎರಡಾಯಿತು. ಪಾಲಿನಮ್ಮ ಸರ್ರನೆ ಕಂಡಿ ಮುಚ್ಚಿದರು. “ಇಲ್ಲ ಇಲ್ಲ, ಆಗಿಲ್ಲ.” ಜನ ಹಿಂದೆ ಸರಿದರು. ನಾನು ತಲೆಯಾಡಿಸಿ ಸನ್ನೆ ಮಾಡಲು ಹೋದೆ, ಅಷ್ಟರಲ್ಲಿ ಮತ್ತೊಂದು. ಕಂಡಿ ತೆರೆಯಿತು. ಮತ್ತೆರಡು. ಮುಚ್ಚಿತು. ಆಮೇಲೆ ಲೆಕ್ಕ ಇಡಲಾಗದಷ್ಟು ಬಂತು, ಮಧ್ಯೆ ಎರಡು ಸೀನು. ಸೀನಿಗೆ ನಾವು ಅರ್ಥ ಗೊತ್ತು ಮಾಡಿಕೊಂಡಿರಲಿಲ್ಲ. ಪಾಲಿನಮ್ಮ ಕಂಡಿಯ ಮುಚ್ಚಳವನ್ನು ಅರ್ಧಕ್ಕೆ ಹಿಡಿದು ನನ್ನನ್ನೇ ನೋಡುತ್ತಾ ನಿಂತರು. ಇಡೀ ಬೀದಿ ಅವರ ಕಣ್ಣಿನ ಹಾದಿ ಹಿಡಿದು ನನ್ನನ್ನು ನೋಡಿತು. ಬೂದಿಯಲ್ಲಿ ಹುದುಗಿಹೋಗಬಾರದೇ ಎನ್ನಿಸಿತು. ಆದರೆ ನಿಜ ಹೇಳಬೇಕೆಂದರೆ, ಅದರ ಕೆಳಗೆ ಒಂದು ನಗು ಕುದಿಯುತ್ತಿತ್ತು.

ಅಂತೋಣಿಯವರು ಕೈ ಬಿಚ್ಚಿದರು. “ಅತ್ಗೆ, ಏನಾಯ್ತು ನಿಮ್ಗೆ?”

ಪಾಲಿನಮ್ಮ ಮುಚ್ಚಳ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಪೂರ್ತಿ ದನಿಯಲ್ಲೇ ಹೇಳಿದರು. “ನನ್ ಮೂಗು ಓಗಿ ಒಂದ್ ವರ್ಸದ ಮ್ಯಾಲಾಯ್ತು. ಓದ್ ಸಲ ಈ ಮಗಾ ಮೂಸಿದ್ದು. ಈಗ ಅವಳ್ದೂ ಕಟ್ಕಂಡದೆ. ಒಳಗೆ ಬೆಂದದೋ ಇಲ್ವೋ ಆ ದ್ಯಾವ್ರಿಗೇ ಗೊತ್ತು.”

ಕ್ರಿಸ್ಮಸ್ಸಿನ ಊಟವೆಲ್ಲ ಒಳಗಿತ್ತು, ಹೇಳುವವರಿರಲಿಲ್ಲ. ಅಂತೋಣಿಯವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರು ಊರ ಮುಂದೆ ಒಪ್ಪಿದ್ದ ಮಾತು ಈಗ ಊರ ಮುಂದೆಯೇ ಮುಗಿದಿತ್ತು.

ರೀತಮ್ಮ ಮೊದಲು ಚೇತರಿಸಿಕೊಂಡರು. ಹಾಗಾದರೆ ನನ್ನ ಪಾತ್ರೆಯ ಲವಂಗದ ಮಾತು ಎಲ್ಲಿಂದ ಬಂತು ಎಂದು ಕೇಳಿದರು. ಪಾಲಿನಮ್ಮ ಬೂದಿ ಬಾಚತೊಡಗಿದರು. “ಸರಿ ಬುಡು, ನಮ್ಗೇನ್ ಮೂಗಿಲ್ವಾ” ಎಂದು ರೀತಮ್ಮ ಸೆರಗು ಸಿಕ್ಕಿಸಿ ಕಂಡಿಗೆ ಬಗ್ಗಿದರು. ಆಗಿದೆ ಎಂದರು. ಅವರ ಹಿಂದೆ ಸಾಲು ಕಟ್ಟಿತು. ಒಬ್ಬೊಬ್ಬರಾಗಿ ಬಂದು ಬಗ್ಗಿದರು, ಮೂಸಿದರು, ವಾದಿಸಿದರು. ಒಬ್ಬರಿಗೆ ತಮ್ಮ ಪಾತ್ರೆಯ ವಾಸನೆ ಮಾತ್ರ ಬಂತು, ಉಳಿದವರದು ಬರಲೇ ಇಲ್ಲ. ಇನ್ನೊಬ್ಬರಿಗೆ ಕಣ್ಣಲ್ಲಿ ನೀರು ಬಂದು, ಅದು ಹೊಗೆಯೋ ಹಸಿವೋ ತಿಳಿಯಲಿಲ್ಲ. ಮಗುವೊಂದನ್ನು ಎತ್ತಿ ಹಿಡಿದರು. ಅದು ಕಂಡಿಯೊಳಕ್ಕೆ ನಾಲಿಗೆ ಚಾಚಿತು. ಕೊನೆಗೆ ಎಲ್ಲರ ತೀರ್ಮಾನವೂ ಒಂದೇ: ಆಗಿದೆ, ತೆಗೆಯಿರಿ. ಆ ಹೊತ್ತಿನಲ್ಲಿ ಅವರಿಗೆ ಹಸಿ ಆಲೂಗೆಡ್ಡೆ ಮೂಸಿಸಿದ್ದರೂ ಅದನ್ನೇ ಹೇಳುತ್ತಿದ್ದರು.

ಉಳಿದವರು ಅಂತೋಣಿ. ಅವರು ಬೇಡವೆಂದರು. ರೀತಮ್ಮ ಬೆನ್ನ ಮೇಲೆ ಕೈಯಿಟ್ಟು ದೂಡಿದರು. ಕರವಸ್ತ್ರ ಕಣ್ಣಿಗೊತ್ತಿಕೊಂಡು, ಒಲ್ಲದ ಮನಸ್ಸಿನಿಂದ ಬಗ್ಗಿದರು. ಏಳಲಿಲ್ಲ. ನಾವು ಕಾದೆವು. ಅವರ ಭುಜ ಏರಿತು, ಇಳಿಯಿತು, ಇನ್ನೊಂದು ಸಲ ಏರಿತು. ಅಷ್ಟು ವರ್ಷ ಆ ಭಟ್ಟಿಯ ಪಾಲುದಾರರಾಗಿದ್ದೂ ಅವರು ಆ ಕಂಡಿಯ ಮುಂದೆ ಬಗ್ಗಿದ್ದು ಅದೇ ಮೊದಲು. ಎದ್ದಾಗ ಕರವಸ್ತ್ರ ಎಲ್ಲಿ ಬಿತ್ತೆಂದು ಅವರಿಗೇ ಗೊತ್ತಿರಲಿಲ್ಲ.

“ಆಗಿಲ್ಲ” ಎಂದರು.

ಬೀದಿಯೆಲ್ಲ ಒಟ್ಟಿಗೇ ಮಾತಾಡಿತು.

“ಕ್ಯಾರೆಟ್ಟು ಆಗದೆ. ಈರುಳ್ಳಿ ಆಗದೆ. ಮಾಂಸ ಆಗಿಲ್ಲ. ಕೊಬ್ಬಿನ್ ವಾಸ್ನೆ ಇನ್ನೂ ಮ್ಯಾಲೇ ನಿಂತದೆ, ಒಳಿಕ್ಕೆ ಇಳಿದಿಲ್ಲ. ಇನ್ನರ್ಧ ಗಂಟೆ.”

ರೀತಮ್ಮ ಪಾಲಿನಮ್ಮನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಮೆಲ್ಲಗೆ ಎಂದುಕೊಂಡು ಆಡಿದ ಮಾತು ಎಲ್ಲರಿಗೂ ಕೇಳಿತು. ಭಟ್ಟಿ ಒಡೆಯಲು ಕಾಯುತ್ತಿರುವವನು ಇವನು, ಮಾಂಸ ಒಣಗಿ ಕರಟಿದರೆ ಇವನಿಗೇ ಅನುಕೂಲ, ಇವನ ಮಾತು ಕೇಳುತ್ತೀಯಾ ಎಂದರು. ಅದು ತಪ್ಪು ಲೆಕ್ಕವೇನಲ್ಲ. ನಾನೂ ಅದನ್ನೇ ಯೋಚಿಸುತ್ತಿದ್ದೆ. ಪಾಲಿನಮ್ಮ ಮೈದುನನ ಮುಖವನ್ನು ಬಹಳ ಹೊತ್ತು ನೋಡಿದರು.

“ನೋಡೇ ಅವನ್ ಮೊಕಾವ. ಬಗ್ಗಿದೋನ್ಗೆ ಏಳಾಕೇ ಮನಸ್ ಬರ್ನಿಲ್ಲ. ಅಂಗ್ ಮೂಸ್ದೋನು ಸುಳ್ ಯೋಳಾಕಿಲ್ಲ.” ಆಮೇಲೆ ಅವರ ಕಡೆ ತಿರುಗಿ, “ಅಂತೋಣಿ, ಕಂಡಿ ಮುಚ್ಚಪ್ಪ” ಎಂದರು.

ಅಂತೋಣಿ ಮುಚ್ಚಿದರು. ಆ ಅರ್ಧ ಗಂಟೆ ಅವರು ಯಾರನ್ನೂ ಭಟ್ಟಿಯ ಹತ್ತಿರ ಬಿಡಲಿಲ್ಲ. ಸ್ವಲ್ಪ ಸ್ವಲ್ಪ ಹೊತ್ತಿಗೆ ಕಂಡಿ ತೆಗೆದು ಒಬ್ಬರೇ ಮೂಸಿದರು, ಒಂದು ಸಲ ಬೂದಿ ಸರಿಸಿ ಕೆಂಡ ಕೆದಕಿದರು, ಹಬ್ಬದ ಬಿಳಿ ಅಂಗಿ ತೋಳಿನವರೆಗೆ ಕಪ್ಪಾಯಿತು. ಮಕ್ಕಳು ಅತ್ತವು, ರೀತಮ್ಮ ಗೊಣಗಿದರು, ಯಾರೋ ಕೇಕು ಹಂಚಿದರು. ಕೊನೆಗೆ ಅವರು ಬಗ್ಗಿ ಎದ್ದು, ಯಾರಿಗೂ ಏನೂ ಹೇಳದೆ, ಉದ್ದ ಹಿಡಿಯ ಹಲಗೆ ತಗೊಂಡು ಮೊದಲ ಪಾತ್ರೆ ಹೊರಗೆಳೆದರು.

ಎಲ್ಲರೂ ಹೋದ ಮೇಲೆ ಭಟ್ಟಿಯ ಮುಂದೆ ನಾವು ಮೂವರೇ ಉಳಿದೆವು. ಪಾಲಿನಮ್ಮ ಮೂಟೆಯ ಮೇಲೆ ಕೂತಿದ್ದರು. ಅಂತೋಣಿ ನಿಂತೇ ಇದ್ದರು. ನಾನು ಮೂಗು ಒರೆಸುತ್ತಿದ್ದೆ. ಎದುರು ಮನೆಯಿಂದ ಹಿಟ್ಟು ಒಡೆದ ಸದ್ದು ಬಂತು. ಅಂತೋಣಿಯವರು ಬಾಗಿಲವರೆಗೆ ಹೋಗಿ ಬಂದರು. ಮತ್ತೆ ಹೋಗಿ ಬಂದರು. ಅಷ್ಟರಲ್ಲಿ ರೀತಮ್ಮ ತಟ್ಟೆ ಹಿಡಿದು ರಸ್ತೆ ದಾಟಿ ಬಂದರು, ಬಾಯಿ ತುಂಬಿತ್ತು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮಾಂಸ ಚಮಚದ ತೂಕಕ್ಕೇ ಎಳೆ ಬಿಡುತ್ತಿತ್ತು. ಆಲೂಗೆಡ್ಡೆ ರಸ ಹೀರಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಪ್ರತಿ ವರ್ಷ ಮೊದಲ ತಟ್ಟೆ ಪಾಲಿನಮ್ಮನ ಕೈಗೆ ಹೋಗುತ್ತಿತ್ತು. ರೀತಮ್ಮ ಅದನ್ನು ಅಂತೋಣಿಯ ಕೈಗೆ ಕೊಟ್ಟು, ತಿರುಗಿ ಊಟಕ್ಕೆ ಓಡಿದರು.

ಜನವರಿಯಲ್ಲಿ ಮೈಸೂರಿನಿಂದ ಓವನ್ ಕಂಪನಿಯವನು ಬಂದ. ಅಂತೋಣಿಯವರೇ ಹಿಂದೆ ಯಾವಾಗಲೋ ಬರಹೇಳಿದ್ದರು. ಬಣ್ಣದ ಚಿತ್ರಗಳನ್ನು ಕೌಂಟರಿನ ಮೇಲೆ ಹರಡಿ, ಹೊಗೆಯಿಲ್ಲ, ಬೂದಿಯಿಲ್ಲ, ಗುಂಡಿ ಒತ್ತಿದರೆ ಸಾಕು ಎಂದು ವಿವರಿಸಿದ. ಪಾಲಿನಮ್ಮ ಒಳಗೆ ಮೈದಾ ಜರಡಿ ಹಿಡಿಯುತ್ತಿದ್ದರು. ಜರಡಿಯ ಸದ್ದು ನಿಂತುಹೋಗಿತ್ತು. ಅಂತೋಣಿಯವರು ಎಲ್ಲ ಚಿತ್ರಗಳನ್ನೂ ಎರಡೆರಡು ಸಲ ನೋಡಿ, ಬಾಗಿಲಿನ ಭಾಗದ ಮೇಲೆ ಬೆರಳಿಟ್ಟು ಕೇಳಿದರು.

“ಇದ್ರಾಗೆ ಮೂಸಾಕೆ ಕಂಡಿ ಎಲ್ಲದೆ?”

ಆತನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆಮೇಲೆ ಹೆಮ್ಮೆಯಿಂದ ಹೇಳಿದ. “ಇದು ಫುಲ್ ಸೀಲ್ ಸಾರ್. ವಾಸನೆ ಒಂಚೂರೂ ಆಚೆ ಬರಲ್ಲ.”

ಅಂತೋಣಿಯವರು ಚಿತ್ರಗಳನ್ನೆಲ್ಲ ಜೋಡಿಸಿ, ಮೂಲೆ ಸರಿಮಾಡಿ, ಅವನ ಕೈಗೆ ಕೊಟ್ಟರು. ಟೀ ಕುಡಿದು ಹೋಗಿ ಎಂದರು. ಒಳಗೆ ಜರಡಿ ಮತ್ತೆ ಶುರುವಾಯಿತು, ಬೇಕಾದ್ದಕ್ಕಿಂತ ಜೋರಾಗಿ. ನಾನು ಖಾಲಿಯಾಗದ ಲೋಟಗಳನ್ನೂ ಎತ್ತಿಕೊಂಡು ಹಿಂದಿನ ನಲ್ಲಿಯ ಹತ್ತಿರ ಹೋದೆ. ಅಲ್ಲಿ ನಕ್ಕರೆ ಯಾರಿಗೂ ಕೇಳಿಸುತ್ತಿರಲಿಲ್ಲ.